ಎರಡು ಚಮಚ ಕಾಚಂಪುಳಿ

ಆ ಭಾನುವಾರ ದೆಹಲಿಯ ಹುಮಾಯೂನ್‌ಪುರಕ್ಕೆ ಹೋಗಿ ಒಂದು ಕಿಲೋ ಹಂದಿಮಾಂಸ ತಂದೆ. ಚರ್ಮ, ಕೊಬ್ಬು ಎರಡೂ ಇರಲೇಬೇಕು. ಇಲ್ಲದಿದ್ದರೆ ಅದು ಪಂದಿಕರಿಯೇ ಅಲ್ಲ ಎನ್ನುತ್ತಿದ್ದಳು ಅವ್ವ. ಕರಿಮೆಣಸು, ಜೀರಿಗೆ, ಕೊತ್ತಂಬರಿ, ಸಾಸಿವೆಯನ್ನು ಕಪ್ಪಾಗುವಷ್ಟು ಹುರಿಯುತ್ತಿದ್ದಾಗ ಪಕ್ಕದ ಮನೆಯ ನಾಗಾ ಹುಡುಗಿ ಬಾಗಿಲು ತಟ್ಟಿದಳು. ಘಾಟಿಗೆ ದೂರು ಹೇಳಲು ಬಂದಳೆಂದುಕೊಂಡೆ. "ಹಂದಿಯಾ?" ಎಂದು ಕೇಳಿ ಒಳಗೆ ಬಂದು ಕೂತೇಬಿಟ್ಟಳು.

ಒಲೆಯ ಮೇಲೆ ಮಾಂಸ ತೂಗುಹಾಕಿ ಹೊಗೆಯಲ್ಲಿ ಒಣಗಿಸುವುದನ್ನು, ಕಳಲೆ ಹಾಕಿ ಬೇಯಿಸುವುದನ್ನು ಹೇಳಿದಳು. ನಮ್ಮ ಕೊಡಗಿನಲ್ಲೂ ಹೊಗೆಮಾಂಸವಿದೆ, ಕಳಲೆಯಿದೆ ಎಂದೆ.

ಕೊನೆಗೆ ಬೀಳಬೇಕಾದ್ದು ಕಾಚಂಪುಳಿ. ಹಣ್ಣಿನ ರಸ ಕಾಯಿಸಿ ಕಾಯಿಸಿ ಅವ್ವ ಮಾಡಿಟ್ಟಿದ್ದ ಕಪ್ಪು ಹುಳಿ ಬಾಟಲಿಯಲ್ಲಿ ಎರಡೇ ಚಮಚ ಉಳಿದಿತ್ತು. ಅವ್ವ ಹೋಗಿ ಎರಡು ವರ್ಷ. ಮುಗಿದುಹೋದೀತೆಂದು ಅಲ್ಲಿಂದೀಚೆಗೆ ಮುಚ್ಚಳ ತೆಗೆದಿರಲಿಲ್ಲ.

ಕೈ ತಡೆದದ್ದು ಕಂಡು ಅವಳು ಕಾರಣ ಕೇಳಿದಳು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನಮ್ಮ ಕಳಿಸಿದ್ದ ಹೊಗೆಮಾಂಸ ಮುಗಿಸಲು ಮನಸ್ಸಾಗದೆ ಇಟ್ಟು, ಬೂಷ್ಟು ಹಿಡಿದು ಎಸೆದದ್ದನ್ನು ಹೇಳಿದಳು.

ಎರಡೂ ಚಮಚ ಸುರಿದೆ.

ಮೊದಲ ತುತ್ತಿಗೆ "ಖಾರ ಸಾಲದು" ಎಂದಳು. ಅವ್ವ ಇದ್ದಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದಳು! ಬಾಟಲಿ ತೊಳೆದಿಟ್ಟಿದ್ದೇನೆ. ಈ ಸಲ ಊರಿಗೆ ಹೋದಾಗ ಹುಳಿ ಕಾಯಿಸುವುದನ್ನು ಕಲಿತು ಬರಬೇಕು.