ಎಸ್.ಪಿ. ರಸ್ತೆಯಲ್ಲಿ ಅಪ್ಪೆಮಿಡಿ

ಬೆಂಗಳೂರು ನೋಡಲು ಬಂದವರು ವಿಧಾನಸೌಧದ ಮುಂದೆ ಫೋಟೊ ತೆಗೆಸಿಕೊಂಡು, ಲಾಲ್‌ಬಾಗ್ ಸುತ್ತಿ, ಮಕ್ಕಳಿದ್ದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯವನ್ನೂ ತೋರಿಸಿ ಊರಿಗೆ ಮರಳುತ್ತಾರೆ. ಪುರಭವನದಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಇನ್ನೊಂದು ಸಂಗ್ರಹಾಲಯವಿದೆ. ಅಲ್ಲಿ ಟಿಕೆಟ್ ಇಲ್ಲ, ವಿವರಣೆಯ ಫಲಕವಿಲ್ಲ, ವಸ್ತುಗಳನ್ನು ಮುಟ್ಟಬಾರದೆಂಬ ನಿಯಮವೂ ಇಲ್ಲ. ಅದೇ ಸಾದರ ಪತ್ರಪ್ಪ ರಸ್ತೆ. ಬಳಕೆಯ ಮಾತಿನಲ್ಲಿ ಎಸ್.ಪಿ. ರಸ್ತೆ.

2017ರಲ್ಲಿ ಈ ಭಾಗಕ್ಕೆ ಮೆಟ್ರೊ ಬಂದ ಮೇಲೆ ದಾರಿ ಸುಲಭವಾಗಿದೆ. ಮೆಜೆಸ್ಟಿಕ್‌ನಿಂದ ಎರಡನೆಯ ನಿಲ್ದಾಣ ಕೃಷ್ಣರಾಜೇಂದ್ರ ಮಾರುಕಟ್ಟೆ. ಅಲ್ಲಿಳಿದು ಕೈಗಾಡಿ, ಆಟೊಗಳ ನಡುವೆ ನುಸುಳಿಕೊಂಡು ಹೊರಟರೆ ಇಕ್ಕಟ್ಟಾದ ಅಂಗಡಿಸಾಲು ಎದುರಾಗುತ್ತದೆ. ಮೀಟರ್ ಲೆಕ್ಕದಲ್ಲಿ ಮಾರುವ ತಂತಿ, ಡಬ್ಬಿಗಳಲ್ಲಿ ತುಂಬಿದ ರೆಸಿಸ್ಟರ್, ಬಣ್ಣಬಣ್ಣದ ಪುಟ್ಟ ದೀಪಗಳು, ಹೊಸ ಲ್ಯಾಪ್‌ಟಾಪ್, ಅದರ ಪಕ್ಕದಲ್ಲೇ ಹಳೆಯದರ ಬಿಡಿಭಾಗ. ವಿಜ್ಞಾನ ಮಾದರಿ ತಯಾರಿಸುವ ವಿದ್ಯಾರ್ಥಿಗಳಿಗೆ ಇದೊಂದು ಜಾತ್ರೆ.

ಕಳೆದ ಚಳಿಗಾಲದಲ್ಲಿ ನಾವು ಮೂವರು ಗೆಳೆಯರು ಈ ರಸ್ತೆಗೆ ಹೋದದ್ದು ಒಂದು ಫ್ಲಾಪಿಯನ್ನು ಓದಿಸುವುದಕ್ಕಾಗಿ. ಮೂವರೂ ಬಿ.ಇಡಿ. ಸಹಪಾಠಿಗಳು. ಫ್ಲಾಪಿ ಸಾಗರದ ಕಡೆಯ ಗೆಳೆಯನದು. 2001ರ ಯುಗಾದಿ ರಜೆಯಲ್ಲಿ ಅವನ ತಾಯಿ ಹೇಳುತ್ತಾ ಹೋದ ಅಡುಗೆಗಳನ್ನು ‘ಬರಹ’ ತಂತ್ರಾಂಶದಲ್ಲಿ ಟೈಪ್ ಮಾಡಿ ಅದರಲ್ಲಿ ಉಳಿಸಿದ್ದ. ತಾಯಿ ಈಗಿಲ್ಲ. ಆ ಕಂಪ್ಯೂಟರ್ ಗುಜರಿಗೆ ಹೋಗಿ ಎಷ್ಟೋ ವರ್ಷವಾಗಿದೆ. ಹಳೆಯ ಪೆಟ್ಟಿಗೆಯ ತಳದಲ್ಲಿ ಸಿಕ್ಕ ಫ್ಲಾಪಿಯ ಮೇಲೆ ‘ಅಮ್ಮನ ಅಡುಗೆ’ ಎಂದು ಬರೆದಿತ್ತು. “ಇರುವುದು ಇದೊಂದೇ ಮಾರಾಯ, ಬೇರೆ ಪ್ರತಿ ಇಲ್ಲ” ಎಂದು ಅದನ್ನು ಜೇಬಿನಲ್ಲಿ ಎರಡೆರಡು ಸಲ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಅಂಗಡಿಯಿಂದ ಅಂಗಡಿಗೆ ಅಲೆಯುವಾಗ ಮಾತು ತಾನಾಗಿ ಹಿಂದಕ್ಕೆ ಹೊರಳಿತು. 1991ರಲ್ಲಿ ನಾವು ಮೊದಲು ಕಂಡ ಗಣಕಯಂತ್ರದ ಕೋಣೆಗೆ ಚಪ್ಪಲಿ ಕಳಚಿಟ್ಟೇ ಹೋಗಬೇಕಿತ್ತು. ಕಪ್ಪು ಪರದೆ, ಹಸಿರು ಅಕ್ಷರ. “ಅಜ್ಜಿಯ ಮಡಿ ಅಡುಗೆಮನೆ ಬಿಟ್ಟರೆ ಅಷ್ಟು ಭಯಭಕ್ತಿಯಿಂದ ನಾವು ಕಾಲಿಟ್ಟ ಕೋಣೆ ಅದೊಂದೇ” ಎಂದ ತುಮಕೂರಿನ ಗೆಳೆಯ. ಅವನಿಗೆ ಹಾಸ್ಟೆಲ್ಲಿನ ನೀರುಸಾರಿನ ನೆನಪು. ಅದರ ಬೆನ್ನಿಗೇ ಮನೆಯ ಬಿಸಿ ಮುದ್ದೆ, ಅವರೆಕಾಳಿನ ಸಾರಿನ ನೆನಪು. ಸಾಗರದವನಿಗೆ ತಂಬುಳಿ, ಪತ್ರೊಡೆ, ಎಲ್ಲಕ್ಕಿಂತ ಮಿಗಿಲಾಗಿ ಅಮ್ಮ ಹಾಕುತ್ತಿದ್ದ ಅಪ್ಪೆಮಿಡಿ ಉಪ್ಪಿನಕಾಯಿ.

ನಾಲ್ಕು ಅಂಗಡಿಗಳಲ್ಲಿ ಹುಡುಗರು ಫ್ಲಾಪಿಯನ್ನು ಕೈಯಲ್ಲಿ ತಿರುಗಿಸಿ ನಕ್ಕರು. ಐದನೆಯದರಲ್ಲಿ, ಮಹಡಿಯ ಮೇಲೆ, ನಮ್ಮದೇ ವಯಸ್ಸಿನವರೊಬ್ಬರು ಡ್ರೈವ್ ಒಂದನ್ನು ಧೂಳು ಒರೆಸಿ ಹೊರತೆಗೆದರು. ಲ್ಯಾಪ್‌ಟಾಪಿಗೆ ಸಿಕ್ಕಿಸುವ ಮೊದಲು ಫ್ಲಾಪಿಯ ಲೋಹದ ಮುಚ್ಚಳ ಸರಿಸಿ, ಬೆಳಕಿಗೆ ಹಿಡಿದು, “ಬೂಷ್ಟು ಬಂದಿದೆ ಸಾರ್, ನೋಡೋಣ” ಎಂದರು.

ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಮೂರೂವರೆ ಅಂಗುಲದ ಫ್ಲಾಪಿಯೊಳಗೆ ತೆಳುವಾದ ಪ್ಲಾಸ್ಟಿಕ್ ಬಿಲ್ಲೆಯಿದೆ. ಅದರ ಎರಡೂ ಮೈಗೆ ಕಾಂತೀಯ ಲೇಪ. ಒಂದೊಂದು ಮೈಯಲ್ಲಿ 80 ವರ್ತುಲ ಪಥ, ಪ್ರತಿ ಪಥದಲ್ಲಿ 18 ಖಾನೆ, ಪ್ರತಿ ಖಾನೆಯಲ್ಲಿ 512 ಬೈಟ್. ಗುಣಿಸಿ ನೋಡಿ: ಒಟ್ಟು 14,74,560 ಬೈಟ್. ಇಂದಿನ ಫೋನಿನಲ್ಲಿ ತೆಗೆದ ಒಂದು ಫೋಟೊ ಎಷ್ಟೋ ಸಲ ಇದರಲ್ಲಿ ಹಿಡಿಸದು. ಹಾರ್ಡ್ ಡಿಸ್ಕಿನಲ್ಲಿ ಓದುವ ಮೊನೆ ಬಿಲ್ಲೆಯನ್ನು ತಾಕದೆ ತೇಲುತ್ತದೆ; ಫ್ಲಾಪಿಯಲ್ಲಿ ತಾಕಿಕೊಂಡೇ ಓದುತ್ತದೆ. ಆದ್ದರಿಂದ ಮಲೆನಾಡಿನ ತೇವಕ್ಕೆ ಬೂಷ್ಟು ಹಿಡಿದರೆ, ಓದುವ ಯತ್ನದಲ್ಲೇ ಲೇಪ ಕೆರೆದು ಬರೆದದ್ದು ಅಳಿಸಿಹೋಗಬಹುದು.

ಡ್ರೈವ್ ಕರಕರ ಎಂದಿತು. ಪರದೆಯ ಮೇಲೆ ಹದಿನಾಲ್ಕು ಕಡತಗಳ ಪಟ್ಟಿ ಮೂಡಿತು. ಒಂದನ್ನು ತೆರೆದರೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿ! ತಲೆಯ ಮೇಲೆ ಚುಕ್ಕೆ, ಗೀರುಗಳಿರುವ ರೋಮನ್ ಲಿಪಿ. ಅದು ಕೆಟ್ಟದ್ದಲ್ಲ. ಆಗಿನ ತಂತ್ರಾಂಶಗಳು ಬೇರೆ ಅಕ್ಷರಗಳ ಸಂಖ್ಯೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಈಗಿನ ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆಯಿದೆ. ‘ಕ’ ಎಂದರೆ 3221. ಅಂಗಡಿಯವರು ಹಳೆಯ ಫಾಂಟ್ ಹಾಕಿದೊಡನೆ ‘ಒಂದು ಹಿಡಿ ಒಂದೆಲಗ, ಚಿಟಿಕೆ ಜೀರಿಗೆ’ ಎಂಬ ಸಾಲು ಎದ್ದು ಬಂತು. ಗೆಳೆಯ ಕನ್ನಡಕ ತೆಗೆದು ಒರೆಸಿಕೊಂಡ.

ಹನ್ನೊಂದು ಕಡತ ದಕ್ಕಿದವು. ಮೂರು ಎಷ್ಟು ಸಲ ಯತ್ನಿಸಿದರೂ ಓದಲಾಗಲಿಲ್ಲ. ಆ ಮೂರರಲ್ಲಿ ಒಂದು ಅಪ್ಪೆಮಿಡಿ.

ಯಾರೂ ಮಾತಾಡಲಿಲ್ಲ. ಆಟೊ ಹಿಡಿದು ಜೆ.ಸಿ. ರಸ್ತೆಯಲ್ಲಿ ಸಾಗಿ, ಮಿನರ್ವ ವೃತ್ತ ದಾಟಿ, ಲಾಲ್‌ಬಾಗ್ ಬಳಿಯ ಎಂ.ಟಿ.ಆರ್.ಗೆ ಬಂದೆವು. 1924ರಲ್ಲಿ ಶುರುವಾದ ಹೋಟೆಲು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಲು ಹೋಗಿ ರವೆ ಇಡ್ಲಿ ಹುಟ್ಟಿತೆಂದು ಅವರು ಹೇಳುತ್ತಾರೆ. ಆ ಇಡ್ಲಿ ಎದುರಿಗಿದ್ದರೂ ಗೆಳೆಯ ಚಮಚ ಎತ್ತಲಿಲ್ಲ. ತುಮಕೂರಿನವನೇ, “ಲೋ, ನಿಮ್ಮಕ್ಕ ವರ್ಷಾ ವರ್ಷಾ ಮಿಡಿ ಹಾಕ್ತಾರಲ್ಲೋ. ಒಂದು ಫೋನು ಮಾಡು” ಎಂದ.

ಅಕ್ಕನ ದನಿ ನಮಗೂ ಕೇಳುವಂತಿತ್ತು. “ಅಳತೆ ಕೇಳಿದ್ರೆ ನಾನೆಂತ ಹೇಳ್ಲಿ ತಮ್ಮಾ? ಉಪ್ಪಲ್ಲಿ ಮಿಡಿ ಸುರುಟಿದ್ದು ಕಣ್ಣಿಗೇ ಗೊತ್ತಾಗ್ತದೆ. ಅಮ್ಮ ನಂಗೆ ಬರೆಸಿದ್ದಲ್ಲ, ಪಕ್ಕ ಕೂರಿಸಿಕೊಂಡು ಮಾಡಿಸಿದ್ದು. ಮಿಡಿ ಬರುವಾಗ ಮಗಳನ್ನೂ ಕರ್ಕೊಂಡು ಬಾ.”

ಉಪ್ಪು ಮಿಡಿಯ ನೀರನ್ನು ಹೊರಗೆಳೆಯುತ್ತದೆ. ನೀರು ಕಡಿಮೆಯಾಗಿ ಉಪ್ಪು ಹೆಚ್ಚಾದಲ್ಲಿ ಕೊಳೆಸುವ ಜೀವಿಗಳು ಬೆಳೆಯಲಾರವು. ತರಗತಿಯಲ್ಲಿ ಇದನ್ನು ಪರಾಸರಣ ಎಂದು ಬೋರ್ಡಿನ ಮೇಲೆ ಬರೆಯುತ್ತೇವೆ. ಅದೇ ಮಲೆನಾಡಿನ ತೇವದಲ್ಲಿ, ಅದೇ ಮನೆಯಲ್ಲಿ, ಜಾಡಿಯ ಮಿಡಿ ವರ್ಷಗಟ್ಟಲೆ ಕೆಡದೆ ಉಳಿಯಿತು; ಪೆಟ್ಟಿಗೆಯ ಫ್ಲಾಪಿ ಉಳಿಯಲಿಲ್ಲ. ಜಾಡಿಯನ್ನು ಪ್ರತಿ ವರ್ಷವೂ ತೆರೆದು, ತೊಳೆದು, ಒಣಗಿಸಿ, ಮತ್ತೆ ತುಂಬುವ ಕೈಗಳಿದ್ದವು. ಫ್ಲಾಪಿಯನ್ನು ಹೊಸದಕ್ಕೆ ನಕಲಿಸುವ ಕೈ ಇರಲಿಲ್ಲ.

ಫ್ಲಾಪಿಯ ಗತಿ ನಾಳೆ ಪೆನ್‌ಡ್ರೈವಿಗೂ ಬಂದೀತು. ಹಾಗೆಂದು ಬರೆದಿಡುವುದನ್ನು ಬಿಡಬೇಕಾಗಿಲ್ಲ. ಬರೆದಿಟ್ಟದ್ದರಿಂದಲೇ ಹನ್ನೊಂದು ಅಡುಗೆಗಳು ತಾಯಿಯ ಮಾತಿನಲ್ಲೇ ಮರಳಿ ಬಂದವು. ವಿದ್ಯಾರ್ಥಿಗಳೇ, ಈ ರಜೆಯಲ್ಲಿ ಅಜ್ಜಿಯದೋ ಅಮ್ಮನದೋ ಒಂದು ಅಡುಗೆಯನ್ನು ಯೂನಿಕೋಡ್‌ನಲ್ಲಿ ಬರೆಯಿರಿ. ಎರಡು ಕಡೆ ನಕಲಿಡಿ, ಒಂದನ್ನು ಕಾಗದದ ಮೇಲೂ ಇಡಿ. ಪೋಷಕರೇ, ಬರೆದಾದ ಮೇಲೆ ಮಕ್ಕಳನ್ನು ಒಲೆಯ ಮುಂದೆ ನಿಲ್ಲಿಸಿ, ಒಮ್ಮೆ ಅವರ ಕೈಯಿಂದಲೇ ಮಾಡಿಸಿ. ಉಪ್ಪು ಹೆಚ್ಚಾದರೂ ಚಿಂತೆಯಿಲ್ಲ.

ಎಸ್.ಪಿ. ರಸ್ತೆಗೂ ಒಮ್ಮೆ ಕರೆದುಕೊಂಡು ಹೋಗಿ. ಭಾನುವಾರ ಬೇಡ, ಬಹಳಷ್ಟು ಅಂಗಡಿಗಳು ಮುಚ್ಚಿರುತ್ತವೆ. ಮನೆಯಲ್ಲಿ ಹಳೆಯ ಫ್ಲಾಪಿ ಇದ್ದರೆ ಜೊತೆಗಿರಲಿ. ಡ್ರೈವಿಗೆ ಹಾಕಿಸುವ ಮೊದಲು ಮುಚ್ಚಳ ಸರಿಸಿ ಬೂಷ್ಟು ನೋಡಿಸುವುದನ್ನು ಮರೆಯಬೇಡಿ.