ಪುಡಿ ಡಬ್ಬಿ ಮತ್ತು ಕಲ್ಲು ಬಾನಿ

ಅತ್ತಿಬೆಲೆಯಲ್ಲಿ ಈಗ ನಾಯಿ ಸಾಮಾನಿನ ಅಂಗಡಿಗಳು ಬಂದಿವೆ. ಒಂದು ಕಾಲಕ್ಕೆ ಬೂಸಾ, ಹಿಂಡಿ, ಹಗ್ಗ ಮಾರುತ್ತಿದ್ದ ಊರಿನಲ್ಲಿ ಇಂದು ಕತ್ತಿನ ಪಟ್ಟಿ, ಶಾಂಪೂ, ಬಿಸ್ಕತ್ತು ತೂಗಾಡುತ್ತವೆ. ಗಾಜಿನ ಕಪಾಟಿನ ಮೇಲಿನ ಸಾಲಿನಲ್ಲಿ ಬಣ್ಣದ ಡಬ್ಬಿಗಳು. ಅವುಗಳ ಮೇಲೆ ಹಸಿರು ಎಲೆ, ನಗುವ ನಾಯಿಯ ಮುಖ, 'ನೈಸರ್ಗಿಕ' ಎಂದು ಸಾರುವ ಇಂಗ್ಲಿಷ್ ಅಕ್ಷರಗಳು. ಒಳಗಿರುವುದು ನುಗ್ಗೆ ಸೊಪ್ಪಿನ ಪುಡಿ, ಅರಿಶಿನ, ಅಗಸೆ ಬೀಜ, ಇಂಥವೇ. ನಮ್ಮ ಅಡುಗೆಮನೆಯ ಸಾಮಾನೇ ಡಬ್ಬಿ ಸೇರಿ ಏಳುನೂರು ರೂಪಾಯಿ ಬೆಲೆ ಕಟ್ಟಿಸಿಕೊಂಡಿದೆ.

ಇವನ್ನು ಪೂರಕ ಆಹಾರ ಎನ್ನುತ್ತಾರೆ. ಪೂರಕ ಎಂದರೆ ಕೊರತೆಯನ್ನು ತುಂಬುವುದು. ಹಾಗಾದರೆ ಕೊರತೆ ಏನೆಂದು ಮೊದಲು ಗೊತ್ತಾಗಬೇಕಲ್ಲವೇ? ನಮ್ಮ ಬೀದಿಯ ಒಂದು ನಾಯಿಯಿಂದಾಗಿ ಈ ಪ್ರಶ್ನೆಯನ್ನು ನಾವು ಸ್ವಲ್ಪ ಗಂಭೀರವಾಗಿಯೇ ಯೋಚಿಸಬೇಕಾಯಿತು.

ನಾಯಿಯ ಹೆಸರು ಲಾರಿ. ಹೆಸರಿಟ್ಟವರು ಬೀದಿಯ ಮಕ್ಕಳು. ಅತ್ತಿಬೆಲೆ ಗಡಿಯ ಊರು. ಆಚೆಗೆ ಹೊಸೂರು, ತಮಿಳುನಾಡು. ಚೆಕ್‌ಪೋಸ್ಟ್ ಇದ್ದ ದಿನಗಳಲ್ಲಿ ಹೆದ್ದಾರಿಯ ಬದಿಗೆ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಚಾಲಕರು, ಕ್ಲೀನರುಗಳು ಅಲ್ಲೇ ಒಲೆ ಹೂಡಿ ಬೇಯಿಸಿ ಉಣ್ಣುತ್ತಿದ್ದರು. ಉಳಿದ ಅನ್ನ, ರೊಟ್ಟಿ, ಮೂಳೆ ನಂಬಿಕೊಂಡು ಹತ್ತಾರು ನಾಯಿಗಳ ಸಂಸಾರ ನಡೆಯುತ್ತಿತ್ತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂತು, ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟ್ ಹೋಯಿತು. ಲಾರಿಗಳು ನಿಲ್ಲದೆ ಓಡತೊಡಗಿದವು. ತೆರಿಗೆ ಸುಧಾರಣೆಯ ಲೆಕ್ಕದಲ್ಲಿ ನಾಯಿಗಳ ಹೆಸರು ಎಲ್ಲಿ ಬರಬೇಕು? ಅವು ಒಂದೊಂದಾಗಿ ಊರೊಳಗೆ ಸರಿದವು. 2020ರ ಲಾಕ್‌ಡೌನ್‌ನಲ್ಲಿ ಕಾರ್ಖಾನೆ, ಹೋಟೆಲು, ಕೋಳಿ ಅಂಗಡಿ ಎಲ್ಲ ಮುಚ್ಚಿದಾಗ ಅವುಗಳ ಪಕ್ಕೆಲುಬು ಎಣಿಸಬಹುದಿತ್ತು. ಲಾರಿಯ ತಾಯಿ ನಮ್ಮ ಬೀದಿಗೆ ಬಂದದ್ದು ಆಗ.

ಮುಸ್ಲಿಮರ ಮನೆಯ ಮುಂದೆ ನಾಯಿ ಎಂದರೆ ಕೆಲವರಿಗೆ ಆಶ್ಚರ್ಯ, ಕೆಲವರಿಗೆ ಮುಜುಗರ. ನಮ್ಮ ಅಮ್ಮಿ ಐದು ಹೊತ್ತಿನ ನಮಾಝಿನವರು. ನಾಯಿ ಇರುವ ಮನೆಗೆ ಫರಿಶ್ತೆಗಳು ಬರುವುದಿಲ್ಲ ಎಂಬುದು ಅವರು ಚಿಕ್ಕಂದಿನಿಂದ ಕೇಳಿಕೊಂಡು ಬಂದ ಮಾತು. ನಾವು ಹನಫಿಗಳು, ನಮ್ಮಲ್ಲಿ ನಾಯಿಯ ಜೊಲ್ಲು ಅಶುದ್ಧ. ಕರಾವಳಿಯ ಶಾಫಿಈಗಳಿಗೆ ನಾಯಿಯ ಮೈಯೇ ಅಶುದ್ಧ. ಮಾಲಿಕಿ ವಿದ್ವಾಂಸರು ಮಾತ್ರ ಜೀವವಿರುವ ನಾಯಿ ಶುದ್ಧ ಎನ್ನುತ್ತಾರೆ. ಆದರೆ ಈ ಭಿನ್ನಾಭಿಪ್ರಾಯವೆಲ್ಲ ಶುದ್ಧಿಯ ಬಗ್ಗೆ. ನಾಯಿಯ ಹೊಟ್ಟೆಯ ಬಗ್ಗೆ ಯಾವ ಪಂಥದಲ್ಲೂ ಭಿನ್ನಾಭಿಪ್ರಾಯ ಇದ್ದಂತಿಲ್ಲ. ಬಾಯಾರಿ ಮಣ್ಣು ನೆಕ್ಕುತ್ತಿದ್ದ ನಾಯಿಗೆ ಬಾವಿಗಿಳಿದು ತನ್ನ ಪಾದರಕ್ಷೆಯಲ್ಲಿ ನೀರು ತುಂಬಿ ತಂದವನ ಪಾಪಗಳು ಮನ್ನಿಸಲ್ಪಟ್ಟವು ಎಂದು ಪ್ರವಾದಿ ಮುಹಮ್ಮದ್ (ಸ) ತಿಳಿಸಿದ ಘಟನೆ ಮದ್ರಸದ ಮಕ್ಕಳಿಗೂ ಗೊತ್ತು. ಶುಕ್ರವಾರ ನಾವು ಓದುವ ಕಹ್ಫ್ ಅಧ್ಯಾಯದಲ್ಲಿ ಗುಹೆಯ ಯುವಕರ ಜೊತೆ ಬಾಗಿಲಲ್ಲಿ ಮುಂಗಾಲು ಚಾಚಿ ಮಲಗಿದ ನಾಯಿ ಇದೆ. ಆ ಯುವಕರು ಎಷ್ಟು ಮಂದಿ ಎಂಬ ಜನರ ವಾದವನ್ನು ಹೇಳುವಾಗಲೂ ಕುರ್‌ಆನ್ ಪ್ರತಿಸಲವೂ ನಾಯಿಯನ್ನು ಬಿಡದೆ ಎಣಿಸುತ್ತದೆ.

ಅಮ್ಮಿಯೇ ದಾರಿ ಹುಡುಕಿದರು. ನಾಯಿ ಹೊಸ್ತಿಲು ದಾಟಬಾರದು, ಹಸಿದೂ ಮಲಗಬಾರದು. ಹಿತ್ತಿಲಲ್ಲಿ ಬಿದ್ದಿದ್ದ ಹಳೆಯ ಕಲ್ಲು ಬಾನಿಯನ್ನು ಗೇಟಿನ ಹೊರಗೆ ಇಡಿಸಿದರು. ಮನೆಯ ಪಾತ್ರೆ ಅದಕ್ಕೆ ತಾಗದಂತೆ ಎತ್ತರದಿಂದ ಅನ್ನ ಸುರಿಯುವುದು ಅವರ ಕ್ರಮ. "ಉಸ್ಕೂ ಭೀ ಪೇಟ್ ಹೈ ನಾ ಬೇಟಾ" ಎಂದರು. ಅದಕ್ಕೂ ಹೊಟ್ಟೆ ಇದೆಯಲ್ಲ ಎಂದು. ಎದುರು ಮನೆಯ ಅಜ್ಜಿ ರಾತ್ರಿ ಉಳಿದ ಮುದ್ದೆಯನ್ನು ಸಾರಿನಲ್ಲಿ ಕಿವುಚಿ ಅದೇ ಬಾನಿಗೆ ತಂದು ಹಾಕತೊಡಗಿದರು. "ಸಾಬ್ರೇ, ನಿಮ್ ನಾಯಿ ನಮ್ ಮುದ್ದೆ ಬಿಟ್ರೆ ಮೂಸಲ್ಲ ಕಣ್ರಪ್ಪ" ಎಂದು ಹೆಮ್ಮೆಪಡುತ್ತಿದ್ದರು.

ಮುದ್ದೆ ತಿನ್ನುವ ನಾಯಿ ಎಂದರೆ ನಗುವವರಿದ್ದಾರೆ. ನಾಯಿ ತೋಳದ ವಂಶ, ಅದಕ್ಕೆ ಮಾಂಸವೇ ಆಗಬೇಕು ಎಂಬುದು ಅವರ ವಾದ. ಆದರೆ 2013ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ನಾಯಿ ಮತ್ತು ತೋಳದ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಪಿಷ್ಟವನ್ನು ಅರಗಿಸುವ ಅಮೈಲೇಸ್ ಎಂಬ ಕಿಣ್ವದ ವಂಶವಾಹಿ ತೋಳದಲ್ಲಿ ಎರಡೇ ಪ್ರತಿ ಇದ್ದರೆ ನಾಯಿಯಲ್ಲಿ ಹಲವು ಪಟ್ಟು ಹೆಚ್ಚಿತ್ತು. ಮನುಷ್ಯ ಬೇಸಾಯಕ್ಕಿಳಿದು ಅಂಬಲಿ, ರೊಟ್ಟಿ ಉಣ್ಣತೊಡಗಿದಾಗ ಬಾಗಿಲಲ್ಲಿ ಕೂತ ನಾಯಿಯ ಹೊಟ್ಟೆಯೂ ಅವನ ಜೊತೆಗೇ ಬದಲಾಯಿತು ಎಂದು ಇದರರ್ಥ. ನಮ್ಮ ಮುಧೋಳದ ನಾಯಿಯನ್ನೇ ನೋಡಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, ಆಮೇಲೆ ಸೈನ್ಯಕ್ಕೂ ಹೋಯಿತು. ಅದನ್ನು ತಲೆಮಾರುಗಳಿಂದ ಸಾಕಿದವರು ಜೋಳದ ರೊಟ್ಟಿ ಉಣ್ಣುವ ಬಾಗಲಕೋಟೆ ಸೀಮೆಯ ಜನ, ಡಬ್ಬಿ ಕೊಳ್ಳುವ ಶ್ರೀಮಂತರಲ್ಲ.

ಹಾಗೆಂದು ಮುದ್ದೆಯನ್ನು ಹೊಗಳಿ ಕೈತೊಳೆದುಕೊಳ್ಳುವಂತಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ. ಅಕ್ಕಿಯಲ್ಲಿ ಹತ್ತಿಪ್ಪತ್ತೂ ಇಲ್ಲ. ಆದರೆ ರಾಗಿಯಲ್ಲಿರುವ ಫೈಟೇಟ್ ಆ ಸುಣ್ಣದ ಒಂದು ಪಾಲನ್ನು ಮೈಗೆ ಹತ್ತಗೊಡುವುದಿಲ್ಲ. ನಾಯಿಗೆ ಬೇಕಾದಷ್ಟು ಸಸಾರಜನಕವೂ ಮುದ್ದೆ ಸಾರಿನಿಂದ ಸಿಗುವುದಿಲ್ಲ. ಲಾರಿ ಎರಡು ವರ್ಷ ತುಂಬುವ ಹೊತ್ತಿಗೆ ಸೊರಗಿತು. ಬೆನ್ನಿನ ಕೂದಲು ಉದುರಿತು. ಮಕ್ಕಳು ಕರೆದರೆ ಬಾಲ ಆಡಿಸುತ್ತಿತ್ತು, ಏಳುತ್ತಿರಲಿಲ್ಲ.

ಡಬ್ಬಿ ನಮ್ಮ ಬೀದಿಗೆ ಬಂದದ್ದು ಆಗ. ಪಕ್ಕದ ಬಡಾವಣೆಯ ಅಪಾರ್ಟ್‌ಮೆಂಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುವ ಒಬ್ಬ ಹುಡುಗನಿದ್ದಾನೆ. ಸಂಜೆ ತನ್ನ ನಾಯಿಯನ್ನು ಅಡ್ಡಾಡಿಸಲು ಬರುತ್ತಾನೆ. ಒಳ್ಳೆಯ ಹುಡುಗ. ಲಾರಿಯ ಸ್ಥಿತಿ ನೋಡಲಾರದೆ ಎರಡು ಡಬ್ಬಿ ತಂದುಕೊಟ್ಟ. "ಅಂಕಲ್, ಇದು ಕೆಮಿಕಲ್ ಅಲ್ಲ, ಪೂರ್ತಿ ನ್ಯಾಚುರಲ್. ಏನೂ ಸೈಡ್ ಎಫೆಕ್ಟ್ ಇಲ್ಲ" ಎಂದ. ಒಂದು ಕೂದಲಿಗೆ, ಇನ್ನೊಂದು ಉಣುಗು ಹತ್ತದಂತೆ ಇರಲು. ಕನ್ನಡಕ ಹಾಕಿಕೊಂಡು ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿದೆವು. ಎರಡನೆಯದರಲ್ಲಿ ಬೆಳ್ಳುಳ್ಳಿ ಪುಡಿ ಇತ್ತು.

ಡಬ್ಬಿಗಳನ್ನೂ ನಾಯಿಯನ್ನೂ ಆಟೋದಲ್ಲಿ ಹಾಕಿಕೊಂಡು ಪಶುವೈದ್ಯರ ಬಳಿ ಹೋದೆವು. ಅವರು ಮೊದಲು ನೋಡಿದ್ದು ನಾಯಿಯ ಒಸಡನ್ನು. ಬಿಳಿಚಿಕೊಂಡಿತ್ತು. ಕಿವಿಯ ಮಡಿಕೆಯಲ್ಲಿ, ಬೆರಳ ಸಂದಿಯಲ್ಲಿ ಉಣುಗುಗಳು ದ್ರಾಕ್ಷಿಯಂತೆ ಉಬ್ಬಿ ಕೂತಿದ್ದವು. ರಕ್ತ ಪರೀಕ್ಷೆಯಲ್ಲಿ ಉಣುಗು ಜ್ವರ, ಮಲ ಪರೀಕ್ಷೆಯಲ್ಲಿ ಕೊಕ್ಕೆಹುಳು. "ನೋಡಿ ಸಾರ್, ಹೊರಗಿನಿಂದ ಉಣುಗು ಕುಡೀತಾ ಇದೆ, ಒಳಗಿನಿಂದ ಹುಳ ಕುಡೀತಾ ಇದೆ. ನೀವು ಪುಡಿ ಹಾಕಿದ್ರೆ ಯಾರಿಗೆ ಹಾಕಿದ ಹಾಗಾಯ್ತು?" ಎಂದು ವೈದ್ಯರು ಕೇಳಿದರು.

ಆಮೇಲೆ ಅವರು ಹೇಳಿದ ವಿಷಯಗಳನ್ನು ಓದುಗರಿಗೂ ತಿಳಿಸಬೇಕು. ಬೆಳ್ಳುಳ್ಳಿ, ಈರುಳ್ಳಿ ಎರಡೂ ನೈಸರ್ಗಿಕವೇ. ಆದರೆ ಅವುಗಳಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮೊದಲೇ ರಕ್ತ ಕಡಿಮೆಯಾದ ನಾಯಿಗೆ ಅದು ವಿಷಕ್ಕೆ ಸಮ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸಬಲ್ಲವು. ಚಾಕೊಲೇಟು, ಸಕ್ಕರೆಯ ಬದಲು ಬಳಸುವ ಕ್ಸೈಲಿಟಾಲ್ ಜೀವವನ್ನೇ ತೆಗೆಯಬಹುದು. ನಾಯಿಯ ಯಕೃತ್ತು 'ಸಿ' ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳುತ್ತದೆ, ಆರೋಗ್ಯವಂತ ನಾಯಿಗೆ ನೆಲ್ಲಿಕಾಯಿ ಪುಡಿಯ ಹಂಗಿಲ್ಲ. 'ಡಿ' ಜೀವಸತ್ವವನ್ನು ಮಾತ್ರ ನಮ್ಮಂತೆ ಬಿಸಿಲಿನಿಂದ ಪಡೆಯಲಾರದು, ಆಹಾರದಿಂದಲೇ ಸಿಗಬೇಕು. ಅರಿಶಿನ ಮೈಗೆ ಹತ್ತುವುದು ಬಹಳ ಕಡಿಮೆ. ಮೀನೆಣ್ಣೆಯ ಕೊಬ್ಬಿನ ಆಮ್ಲಗಳಿಂದ ಕೀಲುನೋವಿನ ಮುದಿ ನಾಯಿಗಳಿಗೆ ಉಪಯೋಗವಿದೆ ಎಂಬುದಕ್ಕೆ ಆಧಾರವಿದೆ. ಅಗಸೆ ಬೀಜದ ಆಮ್ಲವನ್ನು ಆ ರೂಪಕ್ಕೆ ತಿರುಗಿಸಿಕೊಳ್ಳುವ ಶಕ್ತಿ ನಾಯಿಗೆ ತೀರ ಸ್ವಲ್ಪ. ದೊಡ್ಡ ಜಾತಿಯ ಮರಿಗಳಿಗೆ ಗಟ್ಟಿಯಾಗಲಿ ಎಂದು ಸುಣ್ಣದ ಪುಡಿ ಹೆಚ್ಚು ಹಾಕಿದರೆ ಮೂಳೆ ಸೊಟ್ಟಗಾಗುತ್ತದೆ. ಪೂರಕವೇ ಬೇಡವೆಂದು ವೈದ್ಯರು ಹೇಳಲಿಲ್ಲ. ಕೊರತೆ ಕಂಡುಹಿಡಿದು, ನಾಯಿಯ ತೂಕ ನೋಡಿ, ಅಳತೆಯಿಂದ ಕೊಡಬೇಕು ಎಂದರು.

ಲಾರಿಗೆ ಮೂರು ವಾರಗಳ ಮೇಲೆ ಮಾತ್ರೆ ನಡೆಯಿತು. ಹುಳದ ಔಷಧಿ, ಉಣುಗಿನ ಔಷಧಿ ಆಯಿತು. ಊಟಕ್ಕೆ ವೈದ್ಯರು ಬರೆದುಕೊಟ್ಟದ್ದು ಸರಳ: ಅಜ್ಜಿಯ ಮುದ್ದೆ ಇರಲಿ, ಆದರೆ ಈರುಳ್ಳಿ ಹಾಕಿದ ಸಾರು ಬೇಡ. ದಿನಕ್ಕೊಂದು ಬೆಂದ ಮೊಟ್ಟೆ, ಕೋಳಿಯ ಕಂದಕ, ವಾರಕ್ಕೊಮ್ಮೆ ಸ್ವಲ್ಪ ಈಲಿ, ಸಿಕ್ಕಾಗ ಬೇಯಿಸಿದ ಬೂತಾಯಿ. ಬೇಯಿಸಿದ ಮೂಳೆ ಬೇಡವೇ ಬೇಡ, ಚೂರಾಗಿ ಕರುಳಿಗೆ ಚುಚ್ಚುತ್ತದೆ. ಕೋಳಿ ಅಂಗಡಿಯ ಭಾಯಿ ಕಂದಕ, ಈಲಿ ಎತ್ತಿಡತೊಡಗಿದರು, ದುಡ್ಡು ಕೊಟ್ಟರೆ ಮುಟ್ಟಲಿಲ್ಲ. ಅಜ್ಜಿ ಸಾರಿನ ಬದಲು ಮಜ್ಜಿಗೆ ಕಲಸಿದರು. ಡಬ್ಬಿ ತಂದ ಹುಡುಗನೇ ರಕ್ತ ಪರೀಕ್ಷೆಯ ಹಣ ಕೊಟ್ಟ. ಮೂರು ತಿಂಗಳಲ್ಲಿ ಬೆನ್ನ ಮೇಲೆ ಕೂದಲು ಬಂತು. ಒಂದು ಡಬ್ಬಿಯ ಬೆಲೆಗೆ ನೂರರ ಹತ್ತಿರ ಮೊಟ್ಟೆ ಬರುತ್ತವೆ ಎಂಬ ಲೆಕ್ಕ ಆಗ ನಮಗೆ ಸ್ಪಷ್ಟವಾಯಿತು.

ಇಲ್ಲಿಗೆ ಕತೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ನಾಯಿ ಆರೋಗ್ಯವಾದಂತೆ ಗಟ್ಟಿಯಾಗಿ ಬೊಗಳಿತು. ರಾತ್ರಿ ಪಾಳಿ ಮುಗಿಸಿ ಬರುವವರ ಬೈಕು ಅಟ್ಟಿತು. ಮದ್ರಸದಿಂದ ಬರುತ್ತಿದ್ದ ಒಬ್ಬ ಹುಡುಗನಿಗೆ ಬೇರೆ ಬೀದಿಯ ನಾಯಿಯೊಂದು ಕಚ್ಚಿದ ದಿನ ಜನ ನಮ್ಮ ಗೇಟಿನ ಮುಂದೆ ಸೇರಿದರು. "ನೀವು ಊಟ ಹಾಕಿ ಸಾಕ್ತೀರಿ, ನಮ್ಮ ಮಕ್ಕಳು ಸೂಜಿ ಹಾಕಿಸಿಕೊಳ್ಳಬೇಕಾ?" ಎಂದು ಆ ಹುಡುಗನ ತಂದೆ ಕೇಳಿದರು. ಅವರ ಸಿಟ್ಟು ನ್ಯಾಯವಾದದ್ದು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು. ಗಾಯವನ್ನು ಸೋಪು, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಲಸಿಕೆ ಆರಂಭಿಸುವುದೊಂದೇ ದಾರಿ. ಹುಡುಗನ ಲಸಿಕೆಗೆ ಪ್ರತಿಸಲವೂ ನಾವು ಜೊತೆಗೆ ಹೋದೆವು. ನಾಯಿಗೆ ಅನ್ನ ಹಾಕಿ ಲಸಿಕೆ ಹಾಕಿಸದಿದ್ದರೆ ಅದು ಅರ್ಧ ದಯೆ ಎಂದು ನಮಗೂ ಅನ್ನಿಸಿತು. ಬೀದಿಯ ಐದು ನಾಯಿಗಳಿಗೂ ಚಂದಾ ಎತ್ತಿ ಲಸಿಕೆ, ಸಂತಾನಹರಣ ಎರಡೂ ಮಾಡಿಸಿದ್ದು ಆ ಜಗಳದ ಫಲ. ಊಟವೂ ಮಕ್ಕಳು ಓಡಾಡದ ಹೊತ್ತಿಗೆ, ಒಂದೇ ಜಾಗದಲ್ಲಿ ಎಂದು ಒಪ್ಪಂದವಾಯಿತು. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು ಬೀದಿ ನಾಯಿಗಳ ಪ್ರಕರಣದಲ್ಲಿ, ವಾರ್ಡುವಾರು ಜಾಗ ಗೊತ್ತುಮಾಡಿ ಅಲ್ಲೇ ಊಟ ಹಾಕಬೇಕು ಎಂದಾಗ ನಮ್ಮ ಬೀದಿಯವರು ಆ ಸುದ್ದಿಯನ್ನು ಹಳೆಯ ಸುದ್ದಿಯಂತೆ ಓದಿದರು.

ಅದೇ ವರ್ಷ ಜುಲೈನಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಸುಮಾರು ಐದು ಸಾವಿರ ಬೀದಿ ನಾಯಿಗಳಿಗೆ ದಿನಕ್ಕೊಮ್ಮೆ ಕೋಳಿ ಅನ್ನ ಕೊಡುವ ಯೋಜನೆ ಪ್ರಕಟಿಸಿತ್ತು. ತಲಾ ಇಪ್ಪತ್ತೆರಡು ರೂಪಾಯಿ ಚಿಲ್ಲರೆ. ಪುರಸಭೆಯ ಊರಾದ ಅತ್ತಿಬೆಲೆಗೆ ಆ ಲೆಕ್ಕ ಬರುವುದಿಲ್ಲ, ಆದರೆ ಅದರ ಮೇಲಿನ ಚರ್ಚೆ ನಮ್ಮ ಟೀ ಅಂಗಡಿಗೂ ಬಂತು. ಮಕ್ಕಳಿಗೇ ಇಲ್ಲದ ಬಾಡೂಟ ನಾಯಿಗೆ ಏಕೆ ಎಂದು ಕೇಳಿದವರು ಹಲವರು. ಪ್ರಶ್ನೆ ಸರಿಯೇ. ನಮ್ಮ ಹಿಂದಿನ ಬೀದಿಯ ಶೀಟಿನ ಮನೆಗಳಲ್ಲಿ ಒಡಿಶಾ, ಬಿಹಾರದಿಂದ ಬಂದ ಕೂಲಿಗಳ ಮಕ್ಕಳಿದ್ದಾರೆ. ಅವರಲ್ಲೂ ಕೆಲವರ ಒಸಡು ಲಾರಿಯ ಒಸಡಿನಂತೆಯೇ ಬಿಳಿಚಿದೆ. ಆದರೆ ಒಂದು ಮಾತು. 2021ರಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರುಮಾಡಿದಾಗ ಅದನ್ನು ತಡೆಯಲು ಹೋರಾಡಿದವರಿದ್ದರು. ಮಕ್ಕಳ ತಟ್ಟೆಯ ಮೊಟ್ಟೆಗೆ ಅಡ್ಡ ಬಂದದ್ದು ಬೀದಿ ನಾಯಿಯಂತೂ ಅಲ್ಲ.

ಒಂದು ಜುಮಾ ದಿನ ಹಿರಿಯರೊಬ್ಬರು ನಮ್ಮನ್ನು ತಡೆದು, ನಾಯಿಯ ಊಟಕ್ಕೆ ಝಕಾತ್ ಕೊಡಬಹುದೇ ಎಂದು ಕೇಳಿದರು. ಇಲ್ಲ, ಝಕಾತ್‌ಗೆ ಕುರ್‌ಆನ್ ಎಂಟು ವರ್ಗದ ಮನುಷ್ಯರನ್ನು ಗೊತ್ತುಮಾಡಿದೆ, ಅದು ಮೊದಲು ಬಡವರಿಗೆ ಸಲ್ಲಬೇಕು ಎಂದೆವು. ಸದಕಾ ಬೇರೆ. ಹಸಿ ಯಕೃತ್ತಿರುವ, ಅಂದರೆ ಜೀವವಿರುವ ಪ್ರತಿಯೊಂದಕ್ಕೂ ಮಾಡಿದ ಉಪಕಾರಕ್ಕೆ ಪ್ರತಿಫಲವಿದೆ ಎಂದು ಪ್ರವಾದಿ (ಸ) ತಿಳಿಸಿದ್ದಾರೆ. ಹಿರಿಯರು ಸ್ವಲ್ಪ ಯೋಚಿಸಿ, ಶೀಟಿನ ಮನೆಯ ಮಕ್ಕಳಿಗೆ ಝಕಾತ್‌ನಿಂದ ಒಂದು ಮೊತ್ತವನ್ನೂ, ಲಾರಿಗೆ ಸದಕಾದಿಂದ ಐವತ್ತು ರೂಪಾಯಿಯನ್ನೂ ಬೇರೆ ಬೇರೆ ಜೇಬಿನಿಂದ ತೆಗೆದುಕೊಟ್ಟರು.

ಈ ವರ್ಷದ ಲಸಿಕೆಗೆ ಬೀದಿಯವರು ಮತ್ತೆ ಚಂದಾ ಎತ್ತುತ್ತಿದ್ದಾರೆ. ಈ ಸಲ ಪಟ್ಟಿ ಬರೆದುಕೊಂಡು ಮನೆಮನೆಗೆ ತಿರುಗುತ್ತಿರುವವರು ಅಂದು ನಮ್ಮ ಗೇಟಿನ ಮುಂದೆ ಕೂಗಾಡಿದ ಆ ಹುಡುಗನ ತಂದೆ.