ಮ್ಯಾಲಿನ ಮನಿ ಬಾಡಗಿಗೆ ಕೊಡೂ ಮದ್ಲ

ನಮ್ಮ ಧಾರವಾಡದಾಗ ಈಗ ಯಾವ ಓಣಿ ನೋಡಿದ್ರೂ ಮನಿ ಮ್ಯಾಲೊಂದು ಮನಿ ಎದ್ದದ. ಮಗ ಬೆಂಗಳೂರಿಗೆ ಹೋದ, ಮಗಳು ಲಗ್ನ ಆಗಿ ಪುಣೆಕ್ಕ ಹೋದ್ಲು, ಮ್ಯಾಲಿನ ಖೋಲಿ ಖಾಲಿ ಬಿದ್ದಾವ, ಬಾಡಗಿಗೆ ಕೊಡೋಣು ಅಂತಾರ ಗಂಡಸ್ರು. ಬಾಡಗಿ ಎಷ್ಟು ಅಂತ ಮಾತಾಡೋದಷ್ಟ ಅವರ ಕೆಲಸ. ಮೋಟರ್ ಹಚ್ಚೋದು, ಟಾಕಿ ತುಂಬಿತೇನು ನೋಡೋದು, "ಕಾಕೂ, ಲೈಟ್ ಹೋಗ್ಯಾವ" ಅಂದ್ರ ಓಡೋದು ನಾವು. ಮ್ಯಾಲಿನ ಎರಡು ಮನಿ 14 ವರ್ಷದಿಂದ ನಾನ ನೋಡಕೋತ ಬಂದೀನಿ. ಮೊನ್ನೆ ನಮ್ಮ ನಾದಿನಿನೂ ಮನಿ ಬಾಡಗಿಗೆ ಕೊಡತೀನಿ ಅಂದ್ಲು. ಆಕಿಗೆ ಫೋನಿನ್ಯಾಗ ಹೇಳಿದ್ದನ್ನ ನಿಮಗೂ ಹೇಳತೀನಿ.

ಮನಿ ಕೇಳ್ಕೊಂಡು ಬಂದವರಿಗೆ ನಾವು ಕೇಳೋ ಮದ್ಲನೇ ಪ್ರಶ್ನಿ "ನೀವು ಯಾವ ಪೈಕಿ?" ಅಂತ. ನಮ್ಮ ಅತ್ತಿಯವರೂ ಹಂಗ ಕೇಳತಿದ್ರು. ಆದ್ರ ಪೈಕಿ ಗೊತ್ತಾದ್ರ ಬಾಡಗಿ ಟೈಮಿಗೆ ಬರ್ತದೋ ಇಲ್ಲೋ ಅನ್ನೋದು ಗೊತ್ತಾಗೂದಿಲ್ಲ. ನಮ್ಮಲ್ಲೆ ಎಂಟು ವರ್ಷ ಇದ್ದಾಕಿ ಒಬ್ಬಾಕಿ ನರ್ಸ್. ಆಕಿ ಪೈಕಿ ಬ್ಯಾರೆ, ಆಕಿ ಅಡಗಿ ಬ್ಯಾರೆ. ತಿಂಗಳ 5ನೇ ತಾರೀಖು ದಾಟಿಸಿ ಒಮ್ಮೆನೂ ಬಾಡಗಿ ಕೊಟ್ಟಾಕಿ ಅಲ್ಲ. ಅತ್ತಿಯವರಿಗೆ ಸಕ್ರಿ ಕಾಯಿಲೆಯಿಂದ ಕಾಲಿಗೆ ಹುಣ್ಣಾದಾಗ ದಿನಾ ಪಟ್ಟಿ ಕಟ್ಟಿದಾಕಿನೂ ಆಕಿನ. ಹಂಗಾಗಿ ಕೇಳೋದಿದ್ರ ಇದನ್ನ ಕೇಳ್ರಿ: ಎಷ್ಟು ಮಂದಿ ಇರತೀರಿ, ಕೆಲಸ ಎಲ್ಲೆ, ಗಾಡಿ ಎಷ್ಟು ಅವ, ಈಗಿದ್ದ ಮನಿ ಯಾಕ ಬಿಡತೀರಿ. ಹಳೇ ಮಾಲಕರಿಗೂ ಒಂದು ಫೋನ್ ಮಾಡ್ರಿ. ಈಗಿನ ಮಾಲಕರು ಇವರು ಹೋದ್ರ ಸಾಕು ಅಂತ ಹೊಗಳಬಹುದು. ಅವರಿಗಿಂತ ಹಿಂದಿನವರು ಖರೆ ಹೇಳತಾರ.

ಸಪ್ತಾಪುರದ ಕಡೆ ಕೋಚಿಂಗ್‌ಗೆ ಬಂದ ಹುಡುಗರಿಗೆ ಕೊಡೋರು ಭಾಳ ಮಂದಿ. ನಾಲ್ಕು ಹುಡುಗರಿದ್ರ ನಾಲ್ಕೂ ಮಂದಿ ಕರಾರು ಪತ್ರಕ್ಕ ಸಹಿ ಹಾಕಬೇಕು. ಒಬ್ಬನ ಹೆಸರಿಗಿದ್ದು ಅವನ ಪರೀಕ್ಷಾ ಪಾಸಾಗಿ ಹೋದ್ರ, ಉಳಿದ ಮೂವರು ಯಾರ ಮಾತು ಕೇಳಬೇಕು? ಅಪ್ಪ ಅವ್ವ ಒಮ್ಮೆ ಬಂದು ಮನಿ ನೋಡಿ ಹೋಗಲಿ.

ಮಾತು ಮುಗಿಸೂ ಮದ್ಲ ನೀರಿನ ಸುದ್ದಿ ತಗೀರಿ. ನಮ್ಮೂರಾಗ ಮಲಪ್ರಭಾ ನೀರು ಎಲ್ಲಾ ಓಣಿಗೂ ದಿನಾ ಬರೂದಿಲ್ಲ. ಪ್ಯಾಟಿ ಮಂದಿಗೆ ಒಬ್ಬರಿಗೆ ದಿನಕ್ಕ 135 ಲೀಟರ್ ಬೇಕು ಅಂತ ಸರಕಾರದ ಲೆಕ್ಕ ಅದ. ನಾಲ್ಕು ಮಂದಿ ಅಂದ್ರ 540 ಲೀಟರ್. ಸಾವಿರ ಲೀಟರಿನ ಟಾಕಿ ಎರಡು ದಿನ ಪೂರಾ ಬರೂದಿಲ್ಲ. ಐದು ದಿನಕ್ಕೊಮ್ಮೆ ನೀರು ಬಿಟ್ರ ಒಂದು ಮನಿಗೇ 2,700 ಲೀಟರ್ ಸಂಪಿನ್ಯಾಗ ಇರಬೇಕು. ಇದನ್ನ ಮದ್ಲ ಲೆಕ್ಕಾ ಹಾಕಿ, "ಇಷ್ಟು ಮಂದಿಗೆ ಇಷ್ಟು ನೀರು ಅದ" ಅಂತ ಹೇಳಿಬಿಡ್ರಿ. ಟಾಕಿ ಮನಿಗೊಂದು ಬ್ಯಾರೆ ಇರಲಿ. ಒಂದ ಟಾಕಿ ಇದ್ರ ಕೆಳಗಿನವರು ಮ್ಯಾಲಿನವರ ಅರಿವಿ ಎಣಿಸೋದು, ಮ್ಯಾಲಿನವರು ಕೆಳಗಿನವರ ಅಂಗಳ ತೊಳಿಯೋದು ನೋಡೋದು, ಜಗಳ ತಪ್ಪೂದಿಲ್ಲ.

ಲೈಟಿನ ಮೀಟರೂ ಹಂಗ. ಗೃಹಜ್ಯೋತಿ 2023ರಾಗ ಬಂದಮ್ಯಾಲೆ ಇದು ಇನ್ನೂ ಮುಖ್ಯ ಆಗೇದ. ಎರಡು ಮನಿಗೆ ಒಂದ ಮೀಟರ್ ಇದ್ರ ಎರಡೂ ಸಂಸಾರದ ಯೂನಿಟ್ ಕೂಡಿ 200 ದಾಟತದ, ದಾಟಿದ್ರ ಪೂರಾ ಬಿಲ್ ಕಟ್ಟಬೇಕು. ಬ್ಯಾರೆ ಮೀಟರ್ ಇದ್ರ ಬಾಡಗಿಯವರು ಕರಾರು ಪತ್ರ ತೋರಿಸಿ ತಮ್ಮ ಆಧಾರ್ ಜೋಡಿಸಿ ಅನುಕೂಲ ತಗೋಬಹುದು. ಮನಿ ಬಿಡೂ ಮುಂದ ಆ ಆಧಾರ್ ಜೋಡಣಿ ತಗಸೋದು ಮರೀಬ್ಯಾಡ್ರಿ, ಇಲ್ಲಂದ್ರ ಹೊಸಾಗಿ ಬಂದವರಿಗೆ ತ್ರಾಸು.

ಕರಾರು ಪತ್ರ 11 ತಿಂಗಳಿಗೆ ಯಾಕ ಅಂತ ಭಾಳ ಮಂದಿ ಕೇಳತಾರ. 1908ರ ನೋಂದಣಿ ಕಾಯ್ದೆ ಪ್ರಕಾರ ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಗಿ ಕರಾರು ರಿಜಿಸ್ಟರ್ ಮಾಡಿಸಲೇಬೇಕು. ಅದಕ್ಕ 11 ತಿಂಗಳಿಗೆ ಬರೆದು, ಮುಗಿದ ಮ್ಯಾಲೆ ಹೊಸಾದು ಮಾಡತಾರ. ಅದರಾಗ ಬಾಡಗಿ ಎಷ್ಟು, ಯಾವ ತಾರೀಖಿಗೆ, ವರ್ಷಕ್ಕ ಎಷ್ಟು ಏರಸೋದು, ಡಿಪಾಜಿಟ್ ಎಷ್ಟು, ಬಿಡೂ ಮುಂದ ಎಷ್ಟು ದಿನ ಮದ್ಲ ಹೇಳಬೇಕು, ಎಲ್ಲಾ ಇರಲಿ. ಏನೂ ಬರೀಲಿಲ್ಲ ಅಂದ್ರ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಪ್ರಕಾರ ತಿಂಗಳ ಬಾಡಗಿಗೆ 15 ದಿನದ ನೋಟಿಸು. ಮಕ್ಕಳ ಸಾಲಿ ಇದ್ದವರಿಗೆ 15 ದಿನದಾಗ ಮನಿ ಸಿಗತದೇನು? ಎರಡು ತಿಂಗಳು ಅಂತ ಬರದ್ರ ಇಬ್ಬರಿಗೂ ಚೊಲೊ. ಫ್ಯಾನ್ ಎಷ್ಟು, ಗೀಜರ್, ನಳ, ಕೀಲಿಕೈ ಎಷ್ಟು ಅಂತ ಒಂದು ಯಾದಿ ಮಾಡ್ರಿ. ಬಂದ ದಿನ ಅವರನ್ನ ಕೂಡಿಸಿಕೊಂಡ ಗ್ವಾಡಿ, ಬಚ್ಚಲದ ಫೋಟೋ ತಗೀರಿ. ಪೊಲೀಸ್ ಠಾಣಾಕ್ಕೂ ಬಾಡಗಿಯವರ ಮಾಹಿತಿ ಕೊಟ್ಟಿರ್ರಿ.

ಇನ್ನ ಡಿಪಾಜಿಟ್. ಈ ಮಾತು ಗಟ್ಟಿಯಾಗಿ ಹೇಳತೀನಿ: ಅದು ನಮ್ಮ ರೊಕ್ಕ ಅಲ್ಲ. ಬ್ಯಾಂಕಿನ್ಯಾಗ ಬ್ಯಾರೆ ಇಡಬೇಕು. ಲಗ್ನಕ್ಕ, ಬಂಗಾರಕ್ಕ ಖರ್ಚು ಮಾಡಿಕೊಂಡು, "ಮುಂದಿನವರು ಬಂದಮ್ಯಾಲೆ ಕೊಡತೀವಿ" ಅನ್ನೋರು ಇದ್ದಾರ. ಆ ಬಾಡಗಿಯವರು ಹೊಸ ಮನಿಗೆ ಡಿಪಾಜಿಟ್ ಎಲ್ಲಿಂದ ತರಬೇಕು? ಐದು ವರ್ಷಕ್ಕ ಗ್ವಾಡಿ ಬಣ್ಣ ಮಾಸೋದು ಅವರ ತಪ್ಪಲ್ಲ, ಅದಕ್ಕ ರೊಕ್ಕ ಹಿಡಿಬಾರದು. ವಾಶ್ ಬೇಸಿನ್ ಒಡದಿದ್ರ ಹಿಡೀರಿ, ಹಿಡದಷ್ಟಕ್ಕೂ ಅಂಗಡಿ ಬಿಲ್ ತೋರಸ್ರಿ.

ಡಿಪಾಜಿಟ್ ಯಾಕ ಮುಟ್ಟಬಾರದು ಅನ್ನೋದು 2020ರಾಗ ನಮ್ಮ ಮನಿಯೊಳಗ ಕಂಡದ್ದು. ನರ್ಸಿನ ಮಗ್ಗಲ ಮನಿಯೊಳಗ ಸಾಲಿ ವ್ಯಾನ್ ಓಡಸೋರು ಇದ್ರು, ಗಂಡ ಹೆಂಡತಿ, ಎರಡು ಮಕ್ಕಳು. ಬಾಡಗಿ 5,500, ಡಿಪಾಜಿಟ್ 30,000. ಸಾಲಿ ಬಂದಾದ್ವು, ವ್ಯಾನೂ ನಿಂತು. ಎಪ್ರಿಲ್, ಮೇ ಬಾಡಗಿ ಬರಲಿಲ್ಲ. ಅತ್ತಿಯವರ ಇನ್ಸುಲಿನ್ ಆ ಬಾಡಗಿ ಮ್ಯಾಲೆನ ನಡೀತಿತ್ತು. ನಮ್ಮ ಮೈದುನ, "ವೈನಿ, ನೀರು ಬಂದ್ ಮಾಡ್ರಿ, ತಾವಾಗೇ ಹೋಗತಾರ" ಅಂದ್ರು. ನೀರು, ಲೈಟು ತಡಿಬಾರದು ಅಂತ ಕರ್ನಾಟಕದ 1999ರ ಬಾಡಿಗೆ ಕಾಯ್ದೆಯೊಳಗೂ ಅದ. ಕಾಯ್ದೆ ಹೋಗಲಿ, ಮ್ಯಾಲೆ ಸಣ್ಣ ಮಕ್ಕಳಿದ್ದಾಗ ನೀರು ಬಂದ್ ಮಾಡಿ ನಮ್ಮ ಗಂಟಲದಾಗ ನೀರು ಇಳೀತದೇನು?

ಆಕಿನ್ನ ಕೆಳಗ ಕರದು ಪಡಸಾಲ್ಯಾಗ ಕೂಡಿಸಿದೆ. ಮೆಟ್ಟಲ ಮ್ಯಾಲೆ ನಿಂತು, ನಾಲ್ಕು ಮಂದಿಗೆ ಕೇಳೋ ಹಂಗ ಬಾಡಗಿ ಕೇಳಬಾರದು. ವಹಿ ತಗದು ಬಾಕಿ 11,000 ಅಂತ ಬರದೆ. "ಜೂನ್ ತಿಂಗಳಿಂದ ಅರ್ಧಾ ಕೊಡು, ಅರ್ಧಾ ಡಿಪಾಜಿಟ್ನಾಗ ಹಿಡಿಯೋಣು. ಸೆಪ್ಟೆಂಬರ್ ತನಕ ನೋಡೋಣು. ಅದಕ್ಕೂ ಮುಂದ ಎಳದ್ರ ನಿನ್ನ ಗಂಟೂ ಉಳಿಯೂದಿಲ್ಲ, ನಾನೂ ನಿಲ್ಲಸಲಿಕ್ಕೆ ಆಗೂದಿಲ್ಲ" ಅಂದೆ. ಆಕಿ ಸ್ವಲ್ಪ ಹೊತ್ತು ಸುಮ್ಮನ ಕೂತು, ಹೂಂ ಅಂದ್ಲು. ಗಂಡ ಅದ ವ್ಯಾನಿನ್ಯಾಗ ಕಾಯಿಪಲ್ಯ ಮಾರಿದ. ನಾಲ್ಕು ತಿಂಗಳು ತಪ್ಪದ 2,750 ತಂದು ಕೊಟ್ರು. ಸಾಲಿ ಮಾತ್ರ ತಗೀಲಿಲ್ಲ. ಸೆಪ್ಟೆಂಬರ್ ಕಡೀಕ ತಮ್ಮ ಊರಿಗೆ ಹೊಂಟ್ರು. ಮದಲಿನ 11,000, ಆಮ್ಯಾಲಿನ ಅರ್ಧಾ ಬಾಡಗಿ 11,000 ಕಳದು 8,000 ಉಳೀತು. ಅದನ್ನ ಆಕಿ ಕೈಯಾಗ ಎಣಿಸಿ ಕೊಟ್ಟೆ, ವಹಿಯೊಳಗ ಇಬ್ಬರೂ ಸಹಿ ಹಾಕಿದ್ವಿ. ಡಿಪಾಜಿಟ್ ಪೂರಾ ಕರಗೂ ಮದ್ಲ ಮಾತಾಡಬೇಕು ಅನ್ನೋದು ಇದಕ್ಕ. ಸಾಮಾನು ಸಾಗಸೋ ಗಾಡಿಗೆ, ಮುಂದಿನ ಎರಡು ತಿಂಗಳ ಜ್ವಾಳಕ್ಕ ಅವರ ಕಡೆ ರೊಕ್ಕ ಇತ್ತು. ನಮಗೂ ಬರೋದು ಬಂತು. ಎರಡು ವರ್ಷ ಬಿಟ್ಟು ಪ್ಯಾಟ್ಯಾಗ ಭೆಟ್ಟಿ ಆದಾಗ ಇಬ್ಬರೂ ಮುಖಾ ಕೊಟ್ಟು ಮಾತಾಡಿದ್ವಿ.

ಬಂದ ಬಾಡಗಿಗೆ ಪಾವತಿ ಕೊಡ್ರಿ, ನೌಕರದಾರರಿಗೆ ಅದು ಟ್ಯಾಕ್ಸಿಗೆ ಬೇಕಾಗತದ. ನಾವೂ ಬಾಡಗಿ ತೋರಿಸಬೇಕು. ಹೆದರಬ್ಯಾಡ್ರಿ, ಕಟ್ಟಿದ ಮನಿ ತೆರಿಗೆ ಕಳದು, ಉಳಿದದ್ರಾಗ ನೂರಕ್ಕ 30 ಬಿಡತಾರ. ಅದಕ್ಕ ರಿಪೇರಿ ಬಿಲ್ ಕೇಳೂದಿಲ್ಲ.

ಕಡೀದೊಂದು. ಒಂದು ಕೀಲಿಕೈ ನಮ್ಮ ಕಡೆ ಇರಲಿ ಅಂತೀವಿ. ಇಟ್ಕೋರಿ, ಆದ್ರ ಅವರಿಲ್ಲದಾಗ ಬಾಗಲಾ ತಗೀಬ್ಯಾಡ್ರಿ. ಯಾರು ಬಂದ್ರು, ಏನು ಅಡಗಿ, ಎಷ್ಟಕ್ಕ ಮಲಗಿದ್ರು ಅಂತ ಲೆಕ್ಕಾ ಇಡಬ್ಯಾಡ್ರಿ. ಮನಿ ನಮ್ಮದು ಖರೆ, ಬಾಡಗಿ ಕೊಡೋ ತನಕ ಸಂಸಾರ ಅವರದು. ಒಬ್ಬರು ಬಿಟ್ಟು ಇನ್ನೊಬ್ಬರು ಬರೂ ಮುಂದ ಮಾತ್ರ ಕೀಲಿ ಹೊಸಾದು ಹಾಕಸ್ರಿ. ಖರ್ಚು ಸಣ್ಣದು, ಹೊಸಾಗಿ ಬಂದಾಕಿಗೂ ರಾತ್ರಿ ನಿದ್ದಿ ಬರ್ತದ.